ಸ್ವಾಮಿ ಹೆಸರಿನ ಡಬ್ಬಿ

ಮೊನ್ನೆ ಬೆಳಿಗ್ಗೆ ಕ್ಲಿನಿಕ್ಕಿಗೆ ಮೊದಲು ಬಂದವರು ಕಪ್ಪು ಪಂಚೆ, ಕಪ್ಪು ಅಂಗಿ ತೊಟ್ಟ ಒಬ್ಬ ಯುವಕ. ವಾರದಿಂದ ಕೆಮ್ಮಂತೆ. ಬೆನ್ನಿಗೆ ಸ್ಟೆತಾಸ್ಕೋಪ್ ಇಡಲು ಹತ್ತಿರ ಬಾಗಿದಾಗ ವಿಭೂತಿ, ಕರ್ಪೂರ, ತಣ್ಣೀರು ಸ್ನಾನದ ಮೇಲೆ ತೊಟ್ಟ ಪೂರ್ತಿ ಆರದ ಬಟ್ಟೆ, ಎಲ್ಲ ಬೆರೆತ ವಾಸನೆ ಬಂತು. ಕೊರಳಿನ ಮಣಿಮಾಲೆಗೆ ನನ್ನ ಬೆರಳು ತಗುಲದ ಹಾಗೆ ಅವರು ಅದನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಹಿಡಿದುಕೊಂಡಿದ್ದರು.

"ಉಸಿರು ಎಳ್ಕೊಳ್ಳಿ ಸ್ವಾಮಿ," ಎಂದೆ. ಶಬರಿಮಲೆಗೆ ಮಾಲೆ ಹಾಕಿದವರನ್ನು ವ್ರತ ಮುಗಿಯುವ ತನಕ ಹೆಂಡತಿ ಮಕ್ಕಳಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೂ ಸ್ವಾಮಿ ಎಂದೇ ಕರೆಯುತ್ತಾರೆ. ಔಷಧಿ ಬರೆದುಕೊಟ್ಟೆ, ಅವರು ಹೋದರು. ವಾಸನೆ ಮಾತ್ರ ಕೋಣೆಯಲ್ಲೇ ಉಳಿಯಿತು. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲವೂ ಇದೇ ಕೋಣೆಯಲ್ಲಿ, ಇದೇ ವಾಸನೆಯೊಂದಿಗೆ ಶುರುವಾಗಿತ್ತು. ಆಗ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಮನೆಯವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇರೆ.

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಲ್ಲಿ ನಾನು ಕ್ಲಿನಿಕ್ ಇಟ್ಟು ಬಹಳ ವರ್ಷವಾಯಿತು. ಬಸ್ಸು ನಿಲ್ಲುವ ಕಡೆ, ಗೊಬ್ಬರದ ಅಂಗಡಿಯ ಪಕ್ಕ ಎರಡು ಕೋಣೆ. ಜ್ವರ, ಸಕ್ಕರೆ ಕಾಯಿಲೆ, ಬಿಪಿ, ಮಕ್ಕಳ ಭೇದಿ, ಕುಡುಗೋಲು ತಗುಲಿದ ಬೆರಳು. ಒಂದೇ ಮನೆಯ ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಬರುತ್ತಾರೆ. ಇಲ್ಲಿಯ ಜನ ಹೊಟ್ಟೆಯ ವಿಷಯವನ್ನು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಹೊಟ್ಟೆಯಿಂದ ಕೆಳಗಿನದ್ದನ್ನು ಕೇಳಿದರೆ ಗೋಡೆ ನೋಡುತ್ತಾರೆ. ಮನೆ ಮನೆಗೆ ಕಕ್ಕಸು ಬಂದರೂ "ಕೆರೆ ಕಡೆ ಹೋಗಿದ್ದೆ" ಎನ್ನುವುದು ಹೋಗಿಲ್ಲ. ಎಷ್ಟು ಸಲ ಹೋದಿರಿ, ಹೇಗಿತ್ತು, ಯಾವ ಬಣ್ಣ ಎಂದು ಕೇಳಿದರೆ, ಓದಿದ ಹೆಂಗಸು ಇಂಥದ್ದು ಕೇಳುವುದೇ ಎಂಬಂತೆ ನನ್ನ ಪರವಾಗಿ ಅವರೇ ನಾಚಿಕೊಳ್ಳುತ್ತಾರೆ.

ಆ ವರ್ಷ ಮಳೆಗಾಲದ ಕೊನೆಗೆ ನಮ್ಮ ಪಕ್ಕದ ಹಳ್ಳಿಯ ಆಂಜಿನಪ್ಪನವರ ಅಣ್ಣ ತೀರಿಕೊಂಡರು. ದೊಡ್ಡ ಕರುಳಿನ ಕ್ಯಾನ್ಸರ್. ರಕ್ತ ಬೀಳುತ್ತಿದ್ದದ್ದನ್ನು ಮೂಲವ್ಯಾಧಿ ಎಂದುಕೊಂಡು ಎರಡು ವರ್ಷ ಯಾರ ಬಳಿಯೋ ಗಿಡಮೂಲಿಕೆ ತಿಂದಿದ್ದರು. ಕರುಳು ಕಟ್ಟಿ ಹೊಟ್ಟೆ ಉಬ್ಬಿದಾಗಲೇ ಮನೆಯವರಿಗೆ ಗೊತ್ತಾದದ್ದು. ಅಷ್ಟರಲ್ಲಿ ಅದು ಯಕೃತ್ತಿಗೆ ಹೋಗಿತ್ತು. ಕೊನೆಯ ತಿಂಗಳುಗಳಲ್ಲಿ ನೋವಿನ ಇಂಜೆಕ್ಷನ್ ಕೊಡಲು ನಾನು ಅವರ ಮನೆಗೆ ಹೋಗುತ್ತಿದ್ದೆ. ಆ ರೋಗಿ ಒಮ್ಮೆ ನನ್ನನ್ನು ಕೇಳಿದ್ದರು: "ಇದು ಒಳಗೆ ಯಾವತ್ತು ಹುಟ್ತು ಡಾಕ್ಟ್ರಮ್ಮ? ನಾನು ಎಲ್ಲಿದ್ದೆ ಆವತ್ತು?"

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮತ್ತೆ ಪುಸ್ತಕ ತೆಗೆದೆ. ಕರುಳಿನ ಒಳಗೋಡೆಯ ಮೇಲೆ ಮೊದಲು ಏಳುವುದು ನರಹುಲಿಯಂಥ ಒಂದು ಸಣ್ಣ ಗಂಟು. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಅಷ್ಟು ಕಾಲವೂ ಮನುಷ್ಯ ಉಳುತ್ತಾನೆ, ಬಿತ್ತುತ್ತಾನೆ, ಮದುವೆಗಳಿಗೆ ಹೋಗಿ ಉಂಡು ಬರುತ್ತಾನೆ. ಗಂಟು ಆಗಾಗ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ. ಆ ರಕ್ತವನ್ನು ಮಲದಲ್ಲಿ ಪತ್ತೆಹಚ್ಚುವ ಪರೀಕ್ಷೆಯನ್ನು ನನ್ನಂಥವರ ಕ್ಲಿನಿಕ್ಕಿನ ಮೇಜಿನ ಮೇಲೇ ಮಾಡಬಹುದು. ರಕ್ತ ಕಂಡರೆ ಆಮೇಲೆ ಕೊಲೊನೋಸ್ಕೋಪಿ, ಎಂದರೆ ಗುದದ್ವಾರದಿಂದ ಕ್ಯಾಮರಾ ಇರುವ ಮೆತ್ತನೆಯ ಕೊಳವೆ ಹಾಕಿ ದೊಡ್ಡ ಕರುಳನ್ನು ಪೂರ್ತಿ ನೋಡುವುದು.

ನಾನು ಆ ಪರೀಕ್ಷೆಯ ಸಾಮಗ್ರಿ ತರಿಸಿದೆ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಹಸಿರು ಮುಚ್ಚಳ, ಮುಚ್ಚಳಕ್ಕೇ ಅಂಟಿದ ಕಡ್ಡಿ. ಕಡ್ಡಿಯನ್ನು ಮಲದಲ್ಲಿ ನಾಲ್ಕಾರು ಕಡೆ ಚುಚ್ಚಿ ಮತ್ತೆ ಕೊಳವೆಗೆ ತಿರುಗಿಸಿಟ್ಟು ತಂದುಕೊಟ್ಟರೆ ಸಾಕು. ಊರಿನವರ ಬಾಯಲ್ಲಿ ಅದು 'ಡಬ್ಬಿ' ಆಯಿತು. ಐವತ್ತು ದಾಟಿದವರಿಗೆ, ಮನೆಯಲ್ಲಿ ಈ ಕಾಯಿಲೆ ಬಂದಿದ್ದರೆ ಇನ್ನೂ ಚಿಕ್ಕವರಿಗೂ ಕೊಡುವುದೆಂದು ನಿಶ್ಚಯಿಸಿದೆ. ಮೊದಲ ಹೆಸರು ಆಂಜಿನಪ್ಪನವರದೇ.

ಕಾರ್ತಿಕ ಕಳೆಯುತ್ತಿದ್ದ ದಿನಗಳಲ್ಲಿ ಅವರು ಬಿಪಿ ಮಾತ್ರೆಗೆಂದು ಬಂದರು. ಕಪ್ಪು ಬಟ್ಟೆ, ಹಣೆ ತುಂಬ ವಿಭೂತಿ. ಜೊತೆಯಲ್ಲಿ ಹೆಂಡತಿ ಗೌರಮ್ಮ. ಆಂಜಿನಪ್ಪನವರಿಗೆ ಐವತ್ತೆಂಟು, ಗೌರಮ್ಮನಿಗೆ ಐವತ್ತಮೂರೋ ನಾಲ್ಕೋ. ಅವರದು ಮೂರು ಎಕರೆ. ರಾಗಿ, ರಾಗಿಯ ಸಾಲುಗಳ ನಡುವೆ ಅವರೆ. ಗೌರಮ್ಮ ನನ್ನ ಕ್ಲಿನಿಕ್ಕಿಗೆ ಎಷ್ಟೋ ಸಲ ಬಂದಿದ್ದರು. ಅತ್ತೆಯ ಮಂಡಿನೋವು, ಮೊಮ್ಮಗುವಿನ ಜ್ವರ, ಗಂಡನ ಬಿಪಿ. ತಮಗೆಂದು ಒಂದು ಸಲವೂ ಬಂದಿರಲಿಲ್ಲ. ರೋಗಿಯ ಸ್ಟೂಲಿನ ಪಕ್ಕ ಅವರು ಯಾವಾಗಲೂ ನಿಂತೇ ಇರುತ್ತಿದ್ದರು.

ಡಬ್ಬಿಯ ಮೇಲೆ ಆಂಜಿನಪ್ಪನವರ ಹೆಸರು ಬರೆದು ಅಂಟಿಸಿ, ಏನು ಮಾಡಬೇಕೆಂದು ಹೇಳಿದೆ. ಅವರು ಸ್ಟೂಲನ್ನೇ ಹಿಂದಕ್ಕೆ ಎಳೆದುಕೊಂಡರು.

"ಡಾಕ್ಟ್ರಮ್ಮ, ಮಾಲೆ ಹಾಕಿವ್ನಿ. ಇದನ್ನ ಮುಟ್ಟೋದಿರ್ಲಿ, ಹೆಸರೆತ್ತಂಗೂ ಇಲ್ಲ. ಮಲೆಗೋಗಿ ಬಂದ್ಬುಡ್ತೀನಿ, ಆಮೇಲ್ ನೋಡಾಣ."

"ಮಲೆಯಿಂದ ಬಂದ್ಮೇಲೆ ಅವರೆಕಾಯಿ ಅಂತೀರಿ. ಅದು ಮುಗಿದ್ರೆ ಮದುವೆ ಕಾಲ ಅಂತೀರಿ ಸ್ವಾಮಿ."

"ಅಂತೀನಿ," ಎಂದು ಒಪ್ಪಿಕೊಂಡರು.

"ನಿಮ್ಮಣ್ಣನೂ ಹಿಂಗೇ ಅಂತಿದ್ರು."

ಆಂಜಿನಪ್ಪ ತಲೆ ತಗ್ಗಿಸಿದರು. ಗೌರಮ್ಮ ಕೈ ಚಾಚಿ ಡಬ್ಬಿಯನ್ನು ಮೇಜಿನಿಂದ ಎತ್ತಿಕೊಂಡು ಚೀಲಕ್ಕೆ ಹಾಕಿದರು. "ಸ್ವಾಮಿಗಳು ಮುಟ್ಟೋದೇ ಬ್ಯಾಡ. ಬೆಳಿಗ್ಗೆ ಕಕ್ಕಸಿಗೆ ನೀರು ಹುಯ್ಯದೆ ಸುಮ್ಕೆ ಎದ್ ಬರ್ಲಿ. ಉಳ್ದಿದ್ದು ನಾನ್ ನೋಡ್ಕತೀನಿ."

"ನೀನಾ?"

"ಮಕ್ಳುದು ಬಳ್ದಿಲ್ವಾ, ಅತ್ತೇದು ಬಳ್ದಿಲ್ವಾ? ಇದೊಂದು ಹೆಚ್ಚಾ?"

"ವ್ರತದಾಗೆ ಏನ್ ಮಾತಾಡ್ತೀಯ," ಎಂದು ಅವರು ಕಣ್ಣು ಮುಚ್ಚಿ ಅಯ್ಯಪ್ಪನನ್ನು ನೆನೆದರು.

ಒಂದೆರಡು ದಿನ ಬಿಟ್ಟು ಗೌರಮ್ಮ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ಅವರು ಹೋದ ಮೇಲೆ ಪರೀಕ್ಷೆ ಮಾಡಿದೆ. ಕೊಳವೆಯ ದ್ರವದಿಂದ ಕೆಲವು ಹನಿಗಳನ್ನು ಒಂದು ಪಟ್ಟಿಯ ಮೇಲೆ ಹಾಕಬೇಕು. ಒಂದು ಗೆರೆ ಮೂಡಿದರೆ ರಕ್ತವಿಲ್ಲ, ಎರಡು ಮೂಡಿದರೆ ಇದೆ. ಕೆಲವೊಮ್ಮೆ ಎರಡನೆಯ ಗೆರೆ ಅನುಮಾನದ ಹಾಗೆ ತೆಳ್ಳಗೆ ಬರುತ್ತದೆ. ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ. ಆ ದಿನ ಹಾಗಾಗಲಿಲ್ಲ. ಹನಿ ಹರಡುತ್ತಿರುವಾಗಲೇ ಎರಡನೆಯ ಗೆರೆ ಗಾಢವಾಗಿ ಎದ್ದಿತು. ನಾನು ಪಟ್ಟಿಯನ್ನು ಕೆಳಗಿಟ್ಟು, ಆಂಜಿನಪ್ಪನವರ ಅಣ್ಣ ಮಲಗಿದ್ದ ಮಂಚವನ್ನು ನೆನೆದೆ.

ಮಾರನೆಯ ದಿನ ಇಬ್ಬರನ್ನೂ ಕರೆಸಿ ಹೇಳಿದೆ. ಇದು ಕ್ಯಾನ್ಸರ್ ಎಂದಲ್ಲ, ರಕ್ತ ಯಾಕೆ ಬಂತು ಎಂದು ನೋಡಲೇಬೇಕು ಅಷ್ಟೆ ಎಂದೆ. ಆಂಜಿನಪ್ಪನವರ ಮುಖ ಬಿಳಿಚಿತು. ಆದರೂ ಮಲೆಗೆ ಹೋಗಿ ಬರುವ ತನಕ ಬೇಡ ಎಂದರು. ಕೆಲವು ವಾರದಲ್ಲಿ ಹೆಚ್ಚೇನೂ ಆಗುವುದಿಲ್ಲವೆಂದು ನಾನೂ ಒಪ್ಪಿದೆ. ಗೌರಮ್ಮ ಆ ಪಟ್ಟಿಯನ್ನು ಕೇಳಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದರು.

"ಈ ಗೆರೆ ಬಂದ್ರೆ ಕ್ಯಾಮರಾ ಹಾಕ್ಲೇಬೇಕಾ?"

"ಹಾಕ್ಲೇಬೇಕು."

"ಇವ್ರು ಒಲ್ಲೆ ಅಂದ್ರೂನೂ?"

"ಒಲ್ಲೆ ಅಂದ್ರೂ ನೀವು ಕರ್ಕೊಂಡ್ ಬರ್ಬೇಕು."

"ಸರಿ," ಎಂದು ಪಟ್ಟಿಯನ್ನು ಜೋಪಾನವಾಗಿ ನನ್ನ ಮೇಜಿನ ಮೇಲಿಟ್ಟರು. ಗಂಡನ ಮೇಲಿನ ಕಳವಳ ಎಂದುಕೊಂಡೆ. ಕಳವಳವೇ ಹೌದು.

ಆ ವರ್ಷ ಚಳಿ ಚೆನ್ನಾಗಿ ಬಿತ್ತು. ಬೆಳಿಗ್ಗೆ ಎಂಟಾದರೂ ಹೊಲಗಳ ಮೇಲೆ ಇಬ್ಬನಿ ಕರಗುತ್ತಿರಲಿಲ್ಲ. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಜನ ರಾಗಿ ತೆನೆಯನ್ನು ಹರಡಿ, ಹೋಗಿ ಬರುವ ಗಾಡಿಗಳ ಚಕ್ರಕ್ಕೇ ಒಕ್ಕಣೆ ಬಿಟ್ಟಿದ್ದರು. ಕಾರು ಅದರ ಮೇಲೆ ಹಾದಾಗ ಹುಲ್ಲಿನ ಸರಸರ ಶಬ್ದ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಏರುತ್ತದೆ. ಸಂಜೆ ಯಾವ ಮನೆಯ ಮುಂದೆ ಹೋದರೂ ಹೆಂಗಸರು ಮೊರದ ಸುತ್ತ ಕೂತು ಕಾಯಿ ಸುಲಿಯುತ್ತಿದ್ದರು. ಗೌರಮ್ಮನನ್ನೂ ಹಾಗೆ ಜಗಲಿಯ ಮೇಲೆ ಕಂಡೆ. ಬೆಳಗಿನ ಜಾವಕ್ಕೇ ಎದ್ದು ಕಾಯಿ ಕಿತ್ತು, ಮೂಟೆ ಮಾಡಿ ಮಾರುಕಟ್ಟೆಯ ಗಾಡಿಗೆ ಹತ್ತಿಸುವುದು ಅವರದೇ ಕೆಲಸ. ಸ್ವಲ್ಪ ಬಡವಾದಂತೆ ಕಂಡರು. "ಕೆಲಸ," ಎಂದರು, ನಾನು ಕೇಳುವ ಮೊದಲೇ.

ಸಂಕ್ರಾಂತಿ ಕಳೆದು ಆಂಜಿನಪ್ಪ ಮಲೆಯಿಂದ ಇಳಿದು ಬಂದು ಮಾಲೆ ತೆಗೆದರು. ಸ್ವಾಮಿ ಹೋಗಿ ಮತ್ತೆ ಆಂಜಿನಪ್ಪ ಆದರು. ಕರುಳು ಸ್ವಚ್ಛವಾಗಲು ನೀರಿಗೆ ಬೆರೆಸಿ ಕುಡಿಯುವ ಉಪ್ಪಿನ ಭೇದಿಮದ್ದು ಬರೆದುಕೊಟ್ಟು, ಕೊಲೊನೋಸ್ಕೋಪಿಯ ಹಿಂದಿನ ದಿನ ಏನು ತಿನ್ನಬಾರದೆಂದು ಹೇಳಿದೆ. ಕಾಳು ಬೇಡ, ಸೊಪ್ಪು ಬೇಡ, ಸಿಪ್ಪೆ ಬೀಜ ಏನೂ ಬೇಡ.

"ಹಿತುಕಿದಬೇಳೆ ಸಾರು?"

"ಕಾಳು ಬೇಡ ಅಂದ್ನಲ್ಲ."

"ಸಿಪ್ಪೆ ಹಿತುಕಿ ತೆಗ್ದಿರ್ತೀವಲ್ಲ ಡಾಕ್ಟ್ರಮ್ಮ. ಒಳಗಿನ ಬೇಳೆ ಬೆಣ್ಣೆ ಇದ್ದಂಗಿರ್ತದೆ. ಕ್ಯಾಮರಾಕ್ಕೆ ಏನಾಗ್ತದೆ?"

"ಮಲೆಗೆ ಹೋಗಕ್ಕೆ ಒಂದು ಮಂಡಲ ಬಾಯಿ ಕಟ್ಟಿದ್ರಿ, ನನಗೆ ಒಂದು ದಿನ ಕಟ್ಟಕ್ಕಾಗಲ್ವಾ?"

"ಅಲ್ಲಿ ದೇವ್ರು ಕಾಯ್ತಿದ್ದ," ಎಂದರು ಆಂಜಿನಪ್ಪ. "ಇಲ್ಲಿ ಯಾರವ್ರೆ?"

ಯಲಹಂಕದ ಕಡೆ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ರಹಮತ್ ಇದ್ದರು. ನನ್ನ ಸಹಪಾಠಿ, ಕರುಳಿನ ತಜ್ಞರು. ನನ್ನ ರೋಗಿಗಳು ಬಂದಾಗ ನಾನೂ ಒಳಗೆ ನಿಂತು ನೋಡಲು ಬಿಡುತ್ತಿದ್ದರು. ಆಂಜಿನಪ್ಪನವರಿಗೆ ನಿದ್ದೆಯ ಮದ್ದು ಕೊಟ್ಟು ಎಡಮಗ್ಗುಲಿಗೆ ಮಲಗಿಸಿದರು. ದೀಪ ತಗ್ಗಿಸಿ ಕ್ಯಾಮರಾದ ಪರದೆ ಹಚ್ಚಿದರು.

ಓದಿ ತಿಳಿದದ್ದಕ್ಕೂ ನೋಡುವುದಕ್ಕೂ ಎಷ್ಟು ಅಂತರ. ಜೀವಂತ ಕರುಳಿನ ಒಳಗು ಹೊಳೆಯುತ್ತದೆ. ತಿಳಿಗುಲಾಬಿ ಗೋಡೆ, ಅದರ ಮೇಲೆ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕವಲೊಡೆದ ಸಣ್ಣ ರಕ್ತನಾಳಗಳು. ಮಡಿಕೆಯಾದ ಮೇಲೆ ಮಡಿಕೆ. ಹೊಟ್ಟೆಗೆ ಅಡ್ಡಲಾಗಿ ಹಾದುಹೋಗುವ ಭಾಗದಲ್ಲಿ ದಾರಿ ಮೂರು ಮೂಲೆಯದಾಗುತ್ತದೆ. ಕೊಳವೆಯ ತುದಿ ಬಲಗಡೆಯ ಕೊನೆ ಮುಟ್ಟಿದಾಗ ರಹಮತ್ ನನಗೆ ರೋಗಿಯ ಹೊಟ್ಟೆ ನೋಡಲು ಹೇಳಿದರು. ಕತ್ತಲೆಯಲ್ಲಿ ಚರ್ಮದ ಕೆಳಗಿನಿಂದ ಕೆಂಪು ಬೆಳಕು ಕಂಡಿತು. ಒಳಗೆ ಯಾರೋ ದೀಪ ಹಿಡಿದು ನಿಂತ ಹಾಗೆ.

ಅಲ್ಲಿಂದ ಹಿಂದಕ್ಕೆ ಬರುತ್ತಾ ರಹಮತ್ ಪ್ರತಿ ಮಡಿಕೆಯ ಹಿಂದೆಯೂ ನೋಡಿದರು. ಏನೂ ಇರಲಿಲ್ಲ. ಗಂಟಿಲ್ಲ, ಹುಣ್ಣಿಲ್ಲ. ಕೊನೆಯಲ್ಲಿ ಮೂಲವ್ಯಾಧಿಯೂ ಇಲ್ಲ.

"ಇಷ್ಟು ಚೆನ್ನಾಗಿರೋ ಕರುಳು ನನಗಿದ್ರೆ ಫೋಟೋ ಕಟ್ಟು ಹಾಕಿಸ್ತಿದ್ದೆ," ಎಂದರು. "ಟೆಸ್ಟು ಒಂದೊಂದ್ಸಲ ಸುಮ್ನೆ ಪಾಸಿಟಿವ್ ಬರುತ್ತೆ. ಖುಷಿಯಾಗಿ ಕರ್ಕೊಂಡ್ ಹೋಗಿ."

ಹೊರಗೆ ಗೌರಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದರು. ಏನೂ ಇಲ್ಲವಂತೆ ಎಂದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಪೂರಾ ನೋಡುದ್ರಾ? ಕೊನೇ ಗಂಟ?" ಎಂದು ಕೇಳಿದರು. ಪೂರ್ತಿ ನೋಡಿದೆವು ಎಂದೆ.

ಎಲ್ಲರಿಗೂ ಅಲ್ಲಿಗೆ ಮುಗಿದಿತ್ತು. ನನಗೆ ಮುಗಿಯಲಿಲ್ಲ. ಅನುಮಾನದ ತೆಳು ಗೆರೆಯಾಗಿದ್ದರೆ ರಹಮತ್ ಹೇಳಿದ್ದನ್ನು ನಾನೂ ಒಪ್ಪುತ್ತಿದ್ದೆ. ಆದರೆ ಕಾಯುವ ಹೊತ್ತು ಮುಗಿಯುವ ಮೊದಲೇ ಗಾಢವಾಗಿ ಎದ್ದ ಗೆರೆ ಅದು. ಅಷ್ಟು ರಕ್ತ ಎಲ್ಲಿಂದ ಬಂತು? ಹೊಟ್ಟೆಯ ಮೇಲ್ಭಾಗದ ರಕ್ತ ಕೆಳಗಿಳಿಯುವಷ್ಟರಲ್ಲಿ ಜೀರ್ಣವಾಗುವುದರಿಂದ ಸಾಮಾನ್ಯವಾಗಿ ಈ ಪರೀಕ್ಷೆಗೆ ಸಿಗುವುದಿಲ್ಲ. ಬಂದಿದ್ದರೆ ಕೆಳಗಿನ ಕರುಳಿನಿಂದಲೇ ಬರಬೇಕು. ಆ ಕರುಳನ್ನು ನನ್ನ ಕಣ್ಣಿನಿಂದಲೇ ನೋಡಿದ್ದೆ. ಒಂದು ವಾರ ಇದೇ ತಲೆಯಲ್ಲಿ ಸುತ್ತಿತು. ಮಕ್ಕಳ ತೂಕ ನೋಡುತ್ತಲೂ ಅದೇ, ಊಟ ಮಾಡುತ್ತಲೂ ಅದೇ. ಕೊನೆಗೆ ರಕ್ತವನ್ನು ಬಿಟ್ಟು ಡಬ್ಬಿಯ ಬಗ್ಗೆ ಯೋಚಿಸಿದೆ. ಅದು ನನ್ನ ಮೇಜಿನಿಂದ ಹೋಗಿ ಮತ್ತೆ ನನ್ನ ಮೇಜಿಗೆ ಬರುವ ನಡುವೆ ಏನಾಯಿತು?

ಮುಂದಿನ ಸಲ ಆಂಜಿನಪ್ಪ ಬಂದಾಗ ಒಂದು ಚೀಲ ಅವರೆಕಾಯಿ ತಂದಿದ್ದರು. ಹತ್ತು ವರ್ಷ ಚಿಕ್ಕವರಾದ ಹಾಗಿದ್ದರು. ಗೌರಮ್ಮ ಎಂದಿನಂತೆ ಪಕ್ಕದಲ್ಲಿ ನಿಂತಿದ್ದರು.

"ಆಂಜಿನಪ್ಪನೋರೆ, ಒಂದು ಕೇಳ್ತೀನಿ. ಡಬ್ಬಿ ತುಂಬಿದ ದಿನ ನೀವು ನೀರು ಹುಯ್ಯದೆ ಎದ್ದು ಬಂದ್ರಾ?"

ಅವರು ಯೋಚಿಸಿದರು. "ಗ್ಯಾಪ್ಕ ಇಲ್ವಲ್ಲಮ್ಮ. ಆ ಚಳೀಲಿ, ನಸುಕಲ್ಲಿ... ಹುಯ್ದಿರ್ಬೇಕು. ಕೈ ತಾನಾಗೇ ಚೊಂಬಿಗೋಗ್ತದೆ." ಹೆಂಡತಿಯ ಕಡೆ ತಿರುಗಿದರು. "ಲೇ, ಹುಯ್ದಿದ್ನಾ?"

ಗೌರಮ್ಮ ಮೂಲೆಯಲ್ಲಿದ್ದ ಮಕ್ಕಳ ತೂಕದ ತಕ್ಕಡಿಯನ್ನು ನೋಡುತ್ತಿದ್ದರು. "ಹುಯ್ದಿದ್ರಿ."

"ಮತ್ತೆ ಡಬ್ಬೀಲಿ ಹಾಕಿದ್ದು?"

"ನಂದು."

ಪಕ್ಕದ ಅಂಗಡಿಯಲ್ಲಿ ಗೊಬ್ಬರದ ಮೂಟೆ ಇಳಿಸುತ್ತಿದ್ದರು. ಒಂದೊಂದು ಬಿದ್ದಾಗಲೂ ನಮ್ಮ ಗೋಡೆ ಸಣ್ಣಗೆ ಅದುರುತ್ತಿತ್ತು. ಆಂಜಿನಪ್ಪ ಮೊದಲು ಬಾಯಿ ತೆರೆದುಕೊಂಡು ನೋಡಿದರು. ಆಮೇಲೆ ನಗಲು ಶುರುಮಾಡಿದರು.

"ಅಲ್ಲ ಕಣೇ, ನಿಂದು ಕೊಟ್ಟು ನನ್ ಹೊಟ್ಟೆ ತೊಳಸ್ಬುಟ್ಯಾ? ಕೊಡಗಟ್ಲೆ ಉಪ್ಪುನೀರು ಕುಡುದ್ನಲ್ಲೇ. ರಾತ್ರಿಯೆಲ್ಲ ಓಡಾಡುದ್ನಲ್ಲೇ. ಡಾಕ್ಟ್ರಮ್ಮ, ಕೇಳುದ್ರಾ ಇವಳ ಕತೆ? ಮಾಲೆ ಹಾಕಿದ್ ಸ್ವಾಮಿ ಹೆಸರಲ್ಲಿ..." ನಗು ಉಕ್ಕಿ ಮಾತು ಮುಂದುವರಿಯಲಿಲ್ಲ. ಕಣ್ಣು ಒರೆಸಿಕೊಂಡರು. ನನಗೂ ನಗು ಬಂದಿತ್ತು. ಗೌರಮ್ಮ ಕೂಡ ತುಟಿ ಬಿಗಿಹಿಡಿದಿದ್ದರು.

ನಗುತ್ತಿದ್ದ ಹಾಗೇ ಆಂಜಿನಪ್ಪನವರ ಮುಖ ನಿಂತುಬಿಟ್ಟಿತು. ನಾನೇನೂ ಹೇಳಿರಲಿಲ್ಲ. ಅವರಿಗೇ ಹೊಳೆಯಿತು.

"ಅಂಗಾರೆ," ಎಂದು ಹೆಂಡತಿಯ ಕಡೆ ತಿರುಗಿದರು.

ನಾನು ಗೌರಮ್ಮನಿಗೆ ಕೂರಲು ಹೇಳಿದೆ. ರೋಗಿಯ ಸ್ಟೂಲಿನಿಂದ ಗಂಡ ಎದ್ದರು, ಹೆಂಡತಿ ಕೂತರು. ಕೆಂಪಗೆ ಏನಾದರೂ ಕಂಡಿತ್ತೇ ಎಂದು ಕೇಳಿದೆ. ದಸರಾದಿಂದ ನಾಲ್ಕಾರು ಸಲ, ಎಂದರು. ಉಷ್ಣ ಎಂದುಕೊಂಡು ಮೆಂತ್ಯ ನೆನೆಹಾಕಿ ಕುಡಿದಿದ್ದರು. ಮುಟ್ಟು ನಿಂತು ವರ್ಷಗಳಾಗಿದ್ದವು. ಆ ರಕ್ತ ಬೆರೆತಿರುವ ಪ್ರಶ್ನೆಯೂ ಇರಲಿಲ್ಲ.

"ಸ್ವಾಮಿಗಳು ನೀರು ಹುಯ್ದು ಭಜನೆಗೆ ಹೊಂಟೋಗಿದ್ರು. ಇನ್ನೊಂದಿನ ಅಂತ ಹೇಳಕ್ಕೆ ನಂಗೂ ಸಾಕಾಗಿತ್ತು. ಒಂದೇ ಮನೆ, ಒಂದೇ ಮುದ್ದೆ ತಿಂತೀವಿ. ಏನ್ ವ್ಯತ್ಯಾಸ ಅಂತ ಹಾಕ್ಬುಟ್ಟೆ."

"ಗೆರೆ ಬಂದ ದಿನಾನೇ ಹೇಳ್ಬೌದಿತ್ತಲ್ಲ ಗೌರಮ್ಮ? ಅವತ್ತು ಕಿಟಕಿ ಹತ್ರ ನಿಂತು ನೋಡಿದ್ರಲ್ಲ."

"ಹೇಳಿದ್ರೆ ಇವ್ರು ಕ್ಯಾಮರಾ ಹಾಕಿಸ್ಕಳ್ತಿದ್ರಾ? ಭಾವನೋರ ಕೊನೇ ದಿನದಾಗೆ ಬಟ್ಟೆ ಒಗ್ದೋಳು ನಾನು ಡಾಕ್ಟ್ರಮ್ಮ. ಅವ್ರು ಎಂಗೋದ್ರು ಅಂತ ನಂಗೊತ್ತು. ಇವ್ರುದೊಂದು ಒಳಗೆ ನೋಡ್ಬುಡ್ಲಿ, ಹೆಂಗೂ ಗೆರೆ ಬಂದೈತಲ್ಲ, ಅಂತ ಸುಮ್ಕಾದೆ."

"ನಿಮ್ಮದು?"

"ಅವರೆ ಮುಗೀಲಿ ಅಂತಿದ್ದೆ."

ಆಂಜಿನಪ್ಪ ಗೋಡೆಗೆ ಒರಗಿ ನಿಂತಿದ್ದರು. ಅವರ ಕಡೆ ನಾನು ನೋಡಲಿಲ್ಲ.

ಈ ಮಾತನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ತನ್ನ ರಕ್ತದ ಗುರುತನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿರುವ ಹೆಂಗಸಿಗೆ ಮೊದಲು ಹೊಳೆದದ್ದು, ಇದರಿಂದ ಗಂಡನ ಕೆಲಸವಾಗುತ್ತದೆ ಎಂಬುದು. ಅವರೆ ಮುಗಿದ ಮೇಲೆ ಬರುತ್ತಿದ್ದರೇ? ಅವರೆ ಮುಗಿದರೆ ಹುಣಸೆ ಬಡಿಯುವುದು, ಹುಣಸೆ ಮುಗಿದರೆ ಯುಗಾದಿ, ಆಮೇಲೆ ಮಳೆ, ಬಿತ್ತನೆ. ನಾನು ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಅವರ ಎದುರಿಗೇ ಹೊಸ ಡಬ್ಬಿಯ ಮೇಲೆ ಗೌರಮ್ಮ ಎಂದು ಬರೆದು ಕೊಟ್ಟೆ. ಮಾರನೆಯ ದಿನ ಗೆರೆ ಮೊದಲಿನಷ್ಟೇ ಬೇಗ, ಅಷ್ಟೇ ಗಾಢವಾಗಿ ಎದ್ದಿತು.

ಅದೇ ವಾರ ರಹಮತ್ ಅವರ ಮೇಜಿನ ಮೇಲೆ ಗೌರಮ್ಮ ಮಲಗಿದರು. ಮದ್ದು ಕೊಟ್ಟಿದ್ದರೂ ಪೂರ್ತಿ ನಿದ್ದೆ ಹತ್ತಿರಲಿಲ್ಲ. ಪರದೆಗೆ ಬೆನ್ನು ಮಾಡಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ನನ್ನ ಕೈ ಹಿಡಿದುಕೊಂಡಿದ್ದರು. ಅವರೆ ಸುಲಿದು ಸುಲಿದು ಉಗುರಿನ ಸಂದು ಕಪ್ಪಾಗಿತ್ತು. ಕರುಳು ಉಬ್ಬಲು ಒಳಗೆ ಗಾಳಿ ಬಿಡುತ್ತಾರೆ. ಅದು ಹೊರಗೆ ಬಂದಾಗ ಅವರು ನಾಚಿ ಮುದುಡಿದರು. "ಈ ಕೋಣೇಲಿ ಅದಕ್ಕೆ ಮರ್ಯಾದೆ ಜಾಸ್ತಿ ಅಮ್ಮ, ಬಿಡಿ," ಎಂದರು ರಹಮತ್.

ಹೆಚ್ಚು ದೂರ ಹೋಗಬೇಕಾಗಲಿಲ್ಲ. ಎಡಗಡೆಯ ತಿರುವಿನಲ್ಲಿ, ಆ ನುಣುಪಾದ ಗುಲಾಬಿ ಗೋಡೆಯ ಮೇಲೆ ಅದು ಕೂತಿತ್ತು. ನೆಲ್ಲಿಕಾಯಿಯಷ್ಟು ಗಾತ್ರ, ಒರಟು, ಮೇಲ್ಭಾಗ ತರಚಿದ ಹಾಗೆ. ಕೊಳವೆಯ ತುದಿ ತಗುಲಿದ್ದಕ್ಕೇ ರಕ್ತ ಒಸರಿತು. ರಹಮತ್ ಚಿಮುಟಿಯಿಂದ ಚೂರು ತೆಗೆದರು, ಅದನ್ನು ದಾಟಿ ಉಳಿದ ಕರುಳನ್ನೂ ನೋಡಿದರು. ಇನ್ನೆಲ್ಲೂ ಏನೂ ಇರಲಿಲ್ಲ. ನಾನು ಆ ಗಂಟನ್ನು ಬಹಳ ಹೊತ್ತು ನೋಡಿದೆ. ಭಯಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ಬೆರಗು. ಇಷ್ಟು ದಿನ ಎಲ್ಲಿಂದ ಎಂದು ಕೇಳಿಕೊಂಡಿದ್ದ ಪ್ರಶ್ನೆಗೆ ಉತ್ತರ ಇಲ್ಲಿ, ಬೆಳಕಿನಲ್ಲಿ ಕೂತಿತ್ತು.

ಹೊರಗೆ ಆಂಜಿನಪ್ಪನವರಿಗೆ ಹೇಳಿದಾಗ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ವಂಶದ್ದು ನಮ್ಮದು," ಎಂದರು. "ಬಂದಿದ್ದು ಇವಳಿಗಾ?" ಈ ಕಾಯಿಲೆ ಬರುವ ಎಷ್ಟೋ ಜನರ ವಂಶದಲ್ಲಿ ಯಾರಿಗೂ ಇರುವುದಿಲ್ಲ ಎಂದು ವಿವರಿಸಿದೆ. ಅವರ ಕಿವಿಗೆ ಅದು ಹೋಗಲಿಲ್ಲ. "ನಾನ್ ನೀರು ಹುಯ್ದಿದ್ದಕ್ಕೆ," ಎಂದು ಮತ್ತೆ ಮತ್ತೆ ಹೇಳಿದರು. ಅವರು ಅದನ್ನು ದುಃಖದಿಂದ ಹೇಳುತ್ತಿದ್ದಾರೋ ಸಮಾಧಾನದಿಂದಲೋ ನನಗೆ ತಿಳಿಯಲಿಲ್ಲ. ಪ್ರಾಯಶಃ ಅವರಿಗೂ ತಿಳಿದಿರಲಿಲ್ಲ.

ಚೂರಿನ ವರದಿ ಕ್ಯಾನ್ಸರ್ ಎಂದೇ ಬಂತು. ಶಿವರಾತ್ರಿಯ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಯಿತು. ಕರುಳಿನ ಆ ತುಂಡನ್ನೂ ಅದರ ಸುತ್ತಲಿನ ಗ್ರಂಥಿಗಳನ್ನೂ ತೆಗೆದು, ಎರಡು ತುದಿಗಳನ್ನು ಸೇರಿಸಿದರು. ತೆಗೆದ ತುಂಡಿನ ವರದಿ ಬರುವ ತನಕದ ದಿನಗಳಲ್ಲಿ ಆಂಜಿನಪ್ಪ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲೇ ಬಂದು ಜಗಲಿಯಲ್ಲಿ ಕೂತಿರುತ್ತಿದ್ದರು. "ಫೋನ್ ಬಂತಾ?" ಎಂದು ಕೇಳುವುದು, ಇಲ್ಲ ಎಂದರೆ ಎದ್ದು ಹೋಗುವುದು. ಗ್ರಂಥಿಗಳಿಗೆ ಹರಡಿದ್ದರೆ ಕಿಮೋಥೆರಪಿ, ಆಮೇಲೆ ಏನೆಂದು ಯಾರೂ ಹೇಳಲಾರರು. ಹರಡಿರದಿದ್ದರೆ ಇಷ್ಟಕ್ಕೇ ಮುಗಿಯಬಹುದು.

ರಹಮತ್ ಫೋನ್ ಮಾಡಿದಾಗ ನಾನು ಒಂದು ಮಗುವಿನ ಕಿವಿ ನೋಡುತ್ತಿದ್ದೆ. "ಗೋಡೆಯೊಳಗೇ ಇತ್ತು. ಗ್ರಂಥಿ ಎಲ್ಲ ಕ್ಲೀನ್. ಕಿಮೋ ಬೇಡ," ಎಂದರು. ಸ್ವಲ್ಪ ತಡೆದು, "ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಮಾತೇ ಬೇರೆ ಇರ್ತಿತ್ತು," ಎಂದರು. ನಾನು ಜಗಲಿಗೆ ಬಂದು ಹೇಳಿದೆ. ಆಂಜಿನಪ್ಪ ಎದ್ದು ನಿಂತರು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ರಸ್ತೆಗಿಳಿದರು.

ಆ ವರ್ಷದಿಂದ ನಾನು ಡಬ್ಬಿಯನ್ನು ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಕೊಡುತ್ತೇನೆ. ಯಾರು ತೆಗೆದರು, ಯಾವಾಗ ತೆಗೆದರು, ನೀರು ಹುಯ್ದಿದ್ದರೋ ಇಲ್ಲವೋ, ಎಲ್ಲ ಕೇಳುತ್ತೇನೆ. ಜನ ನಗುತ್ತಾರೆ, ಆದರೆ ಹೇಳುತ್ತಾರೆ.

ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷಕ್ಕೆ ಮತ್ತೆ ಒಳಗೆ ನೋಡಬೇಕು. ಹೊಸದಾಗಿ ಏನಾದರೂ ಬಂದಿದೆಯೇ ಎಂದು ತಿಳಿಯುವುದು ಆಗಲೇ. ಗೌರಮ್ಮ ತಾವಾಗಿಯೇ ದಿನ ಕೇಳಿಕೊಂಡು ಬಂದರು. ಮೇಜಿನ ಮೇಲೆ ಮಲಗಿದ ಮೇಲೆ ರಹಮತ್ ಮದ್ದಿನ ಸಿರಿಂಜು ಎತ್ತಿದರು.

"ನಿದ್ದೆ ಮದ್ದು ಬ್ಯಾಡ ಸಾರ್," ಎಂದರು ಗೌರಮ್ಮ. "ನಾನೂ ನೋಡ್ಬೇಕು."

"ಸ್ವಲ್ಪ ನೋಯುತ್ತೆ ಅಮ್ಮ."

"ನೋಯ್ಲಿ. ಹೋದ್ಸಲ ಹೆದ್ರಿ ಕಣ್ಮುಚ್ಕಂಡ್ಬುಟ್ಟೆ."

ನರ್ಸು ಪರದೆಯನ್ನು ಅವರ ಕಡೆ ತಿರುಗಿಸಿದರು. ಗುಲಾಬಿ ಗೋಡೆ ಕಂಡಾಗ ಅವರು ತಲೆ ಸ್ವಲ್ಪ ಎತ್ತಿದರು. "ಇದು ನಾನೇನಾ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. "ಇಷ್ಟು ಚೊಕ್ಕಟವಾಗೈತೆ." ಈ ಕೊಂಬೆಯ ಹಾಗಿರುವುದೇನು, ಈ ನೀರು ಎಲ್ಲಿಂದ ಬಂತು, ಈಗ ಯಾವ ಕಡೆ ಹೋಗುತ್ತಿದ್ದೀರಿ, ಒಂದೊಂದೇ ಕೇಳಿದರು. ರಹಮತ್ ಒಂದೊಂದಕ್ಕೂ ಉತ್ತರ ಹೇಳಿದರು.

ತಿರುವಿನಲ್ಲಿ ಗೋಡೆಯ ಸುತ್ತ ಬಳೆಯಂತೆ ಒಂದು ತೆಳು ಬಿಳಿ ಗೆರೆ ಬಂತು. "ಇಲ್ಲೇ ಇತ್ತು," ಎಂದೆ. "ಆ ತುಂಡು ತೆಗೆದು ಸೇರಿಸಿರೋ ಜಾಗ ಇದು." ನುಣುಪಾಗಿತ್ತು. ಗಂಟಿಲ್ಲ, ರಕ್ತವಿಲ್ಲ. ಗೌರಮ್ಮ ಕಣ್ಣು ಮಿಟುಕಿಸದೆ ನೋಡಿದರು. ಅವರ ಉಸಿರು ಬಿಗಿಯಾದದ್ದು ಕಂಡು ರಹಮತ್ ಕೊಳವೆಯನ್ನು ಅಲ್ಲೇ ತಡೆದರು. "ನೋವಾಯ್ತಾ ಅಮ್ಮ? ಸ್ವಲ್ಪ ಹೊತ್ತು ನಿಲ್ಲಿಸ್ಲಾ?"

"ಯಾಕ್ ನಿಂತ್ರಿ?" ಎಂದರು ಗೌರಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಮುಂದುಕ್ಕೋಗಿ ಸಾರ್. ಇನ್ನೂ ಐತಲ್ಲ, ಪೂರಾ ನೋಡ್ಬುಡಿ."